ಸೆಲ್ಬೋರ್ನಿನ ಪಾದ್ರಿಯ ತೋಟ ಮತ್ತು ಆತನ ಆಮೆ

ಇತಿಹಾಸವೆಂದರೆ ಯುದ್ಧ, ಸಂಧಾನ, ಸಿಂಹಾಸನ ಎಂದು ನಾವು ಶಾಲೆಯಲ್ಲಿ ಉರು ಹೊಡೆದಿದ್ದೇವೆ. 18ನೆಯ ಶತಮಾನ ಎಂದೊಡನೆ 1757ರ ಪ್ಲಾಸಿ ಕದನ ನೆನಪಾಗುತ್ತದೆ. ಹೈದರಾಲಿ, ಟಿಪ್ಪು ನೆನಪಾಗುತ್ತಾರೆ. ಆದರೆ ಅದೇ ಹೈದರಾಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗಿನ ತೋಟಕ್ಕೆ ಕೈಹಾಕಿದನೆಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಕತ್ತಿ ಹಿಡಿದ ಕೈಗೂ ಗಿಡದ ಆಸೆ ಇರುತ್ತದೆ. ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಒಂದು ಮೂಲೆಯ ಹಳ್ಳಿಯಲ್ಲಿ ಕತ್ತಿಯನ್ನೇ ಹಿಡಿಯದ ಒಬ್ಬ ಪಾದ್ರಿ, ಸೌತೆಬೀಜ ಎಂದು ಬಿತ್ತಿದೆ, ಎಂದು ಮೊಳೆಯಿತು, ಮೊದಲ ಕಾಯಿ ಎಂದು ಕೊಯ್ದೆ ಎಂದು ದಿನಾಂಕ ಹಾಕಿ ಬರೆದಿಡುತ್ತಿದ್ದ. ಆತನ ಹೆಸರು ಗಿಲ್ಬರ್ಟ್ ವೈಟ್. ಆ ಬರಹಗಳ ಫಲವಾಗಿ ಬಂದ ಪುಸ್ತಕ ಇನ್ನೂರು ವರ್ಷ ದಾಟಿದರೂ ಅಚ್ಚಾಗುತ್ತಲೇ ಇದೆ.

ಬಡ್ತಿ ಬೇಡವೆಂದ ಪಾದ್ರಿ

ವೈಟ್ ಹುಟ್ಟಿದ್ದು 1720ರ ಜುಲೈ 18ರಂದು, ಹ್ಯಾಂಪ್‌ಶೈರಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ. ಲಂಡನ್ನಿನಿಂದ ಇದು ನೈಋತ್ಯಕ್ಕೆ ಸುಮಾರು 50 ಮೈಲಿ. ಆತನ ತಾತ ಅದೇ ಊರಿನ ಪಾದ್ರಿ. ಮೊಮ್ಮಗ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದಿ 1743ರಲ್ಲಿ ಪದವಿ ಪಡೆದು, ಮರುವರ್ಷವೇ ಅಲ್ಲಿ ಫೆಲೋ ಆದ. ಮುಂದೆ ಏರಬೇಕೆಂದರೆ ಏಣಿ ಸಿದ್ಧವಾಗಿಯೇ ಇತ್ತು. ಕಾಲೇಜಿನ ಕೈಯಲ್ಲಿದ್ದ ಒಳ್ಳೆಯ ವರಮಾನದ ಚರ್ಚುಗಳು ಸರದಿಯ ಮೇಲೆ ಆತನ ಬಾಗಿಲಿಗೆ ಬಂದವು. ಊರು ಬಿಟ್ಟು ಹೋಗಬೇಕಾಗುತ್ತದೆಂದು ಆತ ಒಂದೊಂದಾಗಿ ಬೇಡವೆಂದ.

ತಾತನ ಹುದ್ದೆಯಾದರೂ ಸಿಕ್ಕಿತೇ ಎಂದರೆ ಅದೂ ಇಲ್ಲ. ಸೆಲ್ಬೋರ್ನಿನ ಚರ್ಚು ಮಾಗ್ಡಲೆನ್ ಕಾಲೇಜಿಗೆ ಸೇರಿದ್ದು. ಅಲ್ಲಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಅವರದು. ವೈಟ್ ಓರಿಯಲ್ ಕಾಲೇಜಿನವ. ಹಾಗಾಗಿ ಸ್ವಂತ ಊರಿನಲ್ಲಿ ಆತ ಕೊನೆಯವರೆಗೂ ಸಹಾಯಕ ಪಾದ್ರಿಯಾಗಿಯೇ ಉಳಿದ. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಪ್ರಭಾರದಲ್ಲಿದ್ದ, ಖಾಯಂ ಆಗಲಿಲ್ಲ. ಮದುವೆಯೂ ಆಗಲಿಲ್ಲ. ಕುದುರೆಗಾಡಿಯಲ್ಲಿ ಕುಳಿತರೆ ಹೊಟ್ಟೆ ತೊಳಸುತ್ತಿತ್ತಂತೆ. ದೂರ ಹೋಗಬೇಕಾದರೆ ಕುದುರೆ ಹತ್ತಿಯೇ ಹೋಗುತ್ತಿದ್ದ. ವರ್ಗಾವಣೆಯ ಆದೇಶ ಕೈಗೆ ಬಂದೊಡನೆ ಟ್ರಂಕು ಕಟ್ಟುವ ನಮ್ಮಂಥವರಿಗೆ, ಊರನ್ನು ಹೀಗೆ ಕಚ್ಚಿ ಹಿಡಿದವನ ಮೇಲೆ ಒಂದಿಷ್ಟು ಅಸೂಯೆಯೇ ಆಗುತ್ತದೆ.

ಗೊಬ್ಬರದ ಮೇಲೆ ಕರಬೂಜ

1751ರಲ್ಲಿ ಆತ 'ತೋಟದ ಪಂಚಾಂಗ' ಎನ್ನಬಹುದಾದ ಒಂದು ದಿನಚರಿಯನ್ನು ಆರಂಭಿಸಿದ. ಅದರಲ್ಲಿ ತತ್ತ್ವವಿಲ್ಲ, ವರ್ಣನೆ ಕಡಿಮೆ. ಬಿತ್ತಿದ್ದು, ನೆಟ್ಟದ್ದು, ಕೊಯ್ದದ್ದು, ಮಳೆ, ಮಂಜು, ಅಷ್ಟೆ. ಆತನಿಗೆ ಕರಬೂಜ ಮತ್ತು ಸೌತೆಯ ಹುಚ್ಚು. ಇಂಗ್ಲೆಂಡಿನ ಚಳಿಯಲ್ಲಿ ಕರಬೂಜ ಬೆಳೆಯುವುದೆಂದರೆ ಹುಡುಗಾಟವಲ್ಲ. ಹಸಿ ಲದ್ದಿಗೊಬ್ಬರವನ್ನು ಗಾಡಿಗಟ್ಟಲೆ ತರಿಸಿ ಗುಡ್ಡೆ ಹಾಕಬೇಕು. ಅದು ಕೊಳೆಯುವಾಗ ಹುಟ್ಟುವ ಶಾಖವೇ ಗಿಡಕ್ಕೆ ಒಲೆ. ಮೇಲೆ ಮಣ್ಣು ಹರಡಿ, ಗಾಜಿನ ಚೌಕಟ್ಟು ಮುಚ್ಚಿ ಬೀಜ ಊರಬೇಕು. ಕಾವು ಹೆಚ್ಚಾದರೆ ಬೇರು ಸುಡುತ್ತದೆ, ಕಡಿಮೆಯಾದರೆ ಸಸಿ ಮುದುಡುತ್ತದೆ. ಇಷ್ಟು ಪಾಡುಪಟ್ಟು ಹಣ್ಣಾದ ಮೇಲೆ ನೆಂಟರಿಷ್ಟರನ್ನು ಕರೆದು ಕರಬೂಜದ ಔತಣವನ್ನೇ ಮಾಡುತ್ತಿದ್ದ.

ಕಲ್ಲಿನ ವಿಗ್ರಹ ನಿಲ್ಲಿಸುವ ಶಕ್ತಿ ಜೇಬಿಗೆ ಇರಲಿಲ್ಲ. ಮರದ ಹಲಗೆಯಲ್ಲಿ ಹರ್ಕ್ಯುಲಿಸನ ಆಕಾರ ಕೊರೆಸಿ, ಬಣ್ಣ ಹಚ್ಚಿಸಿ ತೋಟದಾಚೆ ನಿಲ್ಲಿಸಿದ. ದೂರದಿಂದ ನೋಡಿದವರಿಗೆ ಅದೇ ಕಲ್ಲು! ಮನೆಯ ಹಿಂದಿನ ಕಡಿದಾದ ಗುಡ್ಡಕ್ಕೆ 1753ರಲ್ಲಿ ತಮ್ಮ ಜಾನ್‌ನೊಡನೆ ಸೇರಿ ಹಾವಿನಂತೆ ಸುತ್ತಿ ಏರುವ ಕಾಲುದಾರಿ ಮಾಡಿದ. ಅದು ಇಂದಿಗೂ ಇದೆ. ಆಲೂಗಡ್ಡೆಯನ್ನು ಊರಿನಲ್ಲಿ ರೂಢಿಗೆ ತರುವುದಕ್ಕೂ ಯತ್ನಿಸಿದ. ಹಿಂದಿನ ರಾಜನ ಕಾಲದಲ್ಲಿ ರುಚಿ ನೋಡಲೂ ಅಂಜುತ್ತಿದ್ದ ಬಡವರು ಈಗ ಅದನ್ನು ಮೆಚ್ಚಿ ತಿನ್ನುತ್ತಾರೆಂದು ಸಂತೋಷಪಟ್ಟು ಬರೆದಿದ್ದಾನೆ. ಈ ತೋಟದಲ್ಲಿ ಬೆವರು ಸುರಿಸಿದವನು ಥಾಮಸ್ ಹೋರ್ ಎಂಬ ಆಳು. ಯಜಮಾನ ಊರಲ್ಲಿಲ್ಲದಾಗ ಮಳೆಯ ಅಳತೆಯನ್ನು ಗುರುತು ಹಾಕಿಡುತ್ತಿದ್ದವನೂ ಅವನೇ. ದಿನಚರಿಯ ಕೀರ್ತಿಯಲ್ಲಿ ಅವನಿಗೂ ಪಾಲು ಸಲ್ಲಬೇಕು.

ಟಿಮೊಥಿ ಎಂಬ ಆಮೆ

ಸಸೆಕ್ಸಿನ ರಿಂಗ್ಮರ್ ಎಂಬಲ್ಲಿ ವೈಟನ ಸೋದರತ್ತೆ ಇದ್ದಳು. ಆಕೆಯ ಅಂಗಳದಲ್ಲಿ ಸುಮಾರು 40 ವರ್ಷಗಳಿಂದ ಒಂದು ನೆಲದಾಮೆ ಇತ್ತು. ಇತರರು ಕರೆದರೆ ಕದಲದ ಆಮೆ, ಅನ್ನವಿಕ್ಕುವ ಮುದುಕಿ ಕಾಣಿಸಿದೊಡನೆ ಎಡವುತ್ತಾ ಆಕೆಯತ್ತ ಓಡುತ್ತಿತ್ತು. 1780ರಲ್ಲಿ ಅತ್ತೆ ತೀರಿಕೊಂಡಾಗ ಆಮೆ ಮಣ್ಣಿನೊಳಗೆ ಚಳಿಗಾಲದ ನಿದ್ದೆಯಲ್ಲಿತ್ತು. ವೈಟ್ ಅದನ್ನು ಅಗೆದು ತೆಗೆದು, ಪೆಟ್ಟಿಗೆಯಲ್ಲಿಟ್ಟು 80 ಮೈಲಿ ಗಾಡಿಯಲ್ಲಿ ಸೆಲ್ಬೋರ್ನಿಗೆ ತಂದ. ದಾರಿಯ ಕುಲುಕಾಟಕ್ಕೆ ಎಚ್ಚರವಾದ ಆಮೆ ಹೊಸ ತೋಟದ ಕೊನೆಯವರೆಗೆ ಎರಡು ಸಲ ನಡೆದು ನೋಡಿ, ಸಂಜೆ ಚಳಿಯಾದೊಡನೆ ಸಡಿಲ ಮಣ್ಣಿನಲ್ಲಿ ಮತ್ತೆ ಹೂತುಕೊಂಡಿತು. ವರ್ಗವಾಗಿ ಬಂದ ಹೊಸ ಊರಿನಲ್ಲಿ ನಾವು ಮಾಡುವುದೂ ಹೆಚ್ಚು ಕಡಿಮೆ ಇಷ್ಟೇ.

ಮುಂದಿನ 13 ವರ್ಷ ಟಿಮೊಥಿ ಆತನ ಸಂಗಾತಿ. ನವೆಂಬರಿನಲ್ಲಿ ಮಣ್ಣಿಗಿಳಿಯುವುದು, ಏಪ್ರಿಲಿನಲ್ಲಿ ಮೇಲೇಳುವುದು, ಎರಡಕ್ಕೂ ದಿನಚರಿಯಲ್ಲಿ ತಾರೀಖು ಉಂಟು. ಆಗಾಗ ತಕ್ಕಡಿಗೆ ಹಾಕಿ ತೂಗುತ್ತಿದ್ದ. 6 ಪೌಂಡಿಗೆ ಮಿಕ್ಕಿ ತೂಗುತ್ತಿತ್ತು. ಕಿವಿ ಕೇಳುತ್ತದೋ ಇಲ್ಲವೋ ನೋಡೋಣವೆಂದು ತುತ್ತೂರಿಯಂಥ ಕೊಳವೆಯಲ್ಲಿ ಕೂಗಿದ. ಆಮೆ ಲೆಕ್ಕಕ್ಕೇ ತರಲಿಲ್ಲ. ನೀರಿನ ತೊಟ್ಟಿಯಲ್ಲಿ ಬಿಟ್ಟ; ಅದು ಈಜದೆ ಮೆಲ್ಲಗೆ ತಳಕ್ಕಿಳಿದು ಅಲ್ಲೇ ನಡೆದಾಡಿತು. ಗಾಡಿಯ ಚಕ್ರ ಹಾಯ್ದರೂ ತಡೆಯಬಲ್ಲ ಚಿಪ್ಪು ಬೆನ್ನ ಮೇಲಿದ್ದರೂ, ಹೊಸ ಉಡುಪು ತೊಟ್ಟ ಹೆಂಗಸಿನಂತೆ ಮಳೆಗೆ ಹೆದರಿ ಮೂಲೆ ಸೇರುತ್ತದೆಂದು ನಗೆಯಾಡಿದ್ದಾನೆ. ಶರತ್ಕಾಲದ ಎಳೆಬಿಸಿಲಿನಲ್ಲಿ ಚಿಪ್ಪನ್ನು ಗೋಡೆಗೆ ಓರೆಯಾಗಿ ಒರಗಿಸಿ ಶಾಖ ಹಿಡಿಯುತ್ತಿದ್ದುದನ್ನು ಕಂಡು, ರೇಖಾಗಣಿತ ಓದದ ಪ್ರಾಣಿಗೆ ಕೋನದ ಗುಟ್ಟು ಗೊತ್ತಿದೆಯಲ್ಲ ಎಂದು ಬೆರಗಾಗಿದ್ದಾನೆ. 1784ರಲ್ಲಿ ಆಮೆ ಬೇಲಿ ದಾಟಿ ಪರಾರಿಯಾಗಿ, ಎಂಟು ದಿನ ಹುಡುಕಿಸಿ, ಕೊನೆಗೆ ಹತ್ತಿರದ ಅವರೆಕಾಳಿನಂಥ ಬೆಳೆಯ ಹೊಲದಲ್ಲಿ ಸಿಕ್ಕಿತು.

ಟಿಮೊಥಿ ಗಂಡು ಹೆಸರು. ವೈಟ್ 1793ರಲ್ಲಿ ತೀರಿಕೊಂಡ. ಆಮೆ ಮರುವರ್ಷ ಸತ್ತಿತು. ಚಿಪ್ಪನ್ನು ಪರೀಕ್ಷಿಸಿದವರು ಅದು ಹೆಣ್ಣೆಂದು ಹೇಳಿದರು! ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ.

ಬೇರೆಯವರ ಮನೆಯ ಪ್ರಾಣಿಗಳೂ ಆತನ ಕಣ್ಣು ತಪ್ಪಿಸಲಿಲ್ಲ. ಸ್ನೇಹಿತನ ಮನೆಯಲ್ಲಿ ಚಮಚದಿಂದ ಹಾಲು ಕುಡಿಸಿ ಸಾಕುತ್ತಿದ್ದ ಮೊಲದ ಮರಿಯೊಂದು ಕಾಣೆಯಾಯಿತು. ನಾಯಿಯೋ ಬೆಕ್ಕೋ ಕೊಂದಿರಬೇಕೆಂದುಕೊಂಡರು. ಹದಿನೈದು ದಿನದ ಮೇಲೆ ಒಂದು ಸಂಜೆ ಮನೆಯ ಬೆಕ್ಕು ಬಾಲವೆತ್ತಿ, ಮರಿಗಳನ್ನು ಕರೆಯುವ ದನಿಯಲ್ಲಿ ಕರೆಯುತ್ತಾ ಬಂತು. ಹಿಂದೆ ಕುಪ್ಪಳಿಸುತ್ತಾ ಬಂದದ್ದು ಅದೇ ಮೊಲ. ತನ್ನ ಮರಿಗಳನ್ನು ಕಳೆದುಕೊಂಡಿದ್ದ ಬೆಕ್ಕು ಅದಕ್ಕೆ ಮೊಲೆಯೂಡಿಸಿ ಸಾಕಿತ್ತು.

ಸಣ್ಣದರ ಲೆಕ್ಕ

ಥಾಮಸ್ ಪೆನ್ನಂಟ್ ಮತ್ತು ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಬ್ಬರು ವಿದ್ವಾಂಸರಿಗೆ ಬರೆದ ಪತ್ರಗಳ ರೂಪದಲ್ಲಿ ಆತನ 'ನ್ಯಾಚುರಲ್ ಹಿಸ್ಟರಿ ಆಫ್ ಸೆಲ್ಬೋರ್ನ್' 1789ರ ಮುದ್ರೆ ಹೊತ್ತು ಹೊರಬಂತು. ಪ್ರಕಟಿಸಿದವನು ಸ್ವಂತ ತಮ್ಮ ಬೆಂಜಮಿನ್. ನೋಡಲು ಒಂದೇ ಹಕ್ಕಿಯಂತಿದ್ದ ಮೂರು ಜಾತಿಯ ಪುಟ್ಟ ಉಲಿಯಕ್ಕಿಗಳನ್ನು ಮುಖ್ಯವಾಗಿ ದನಿಯ ಮೇಲೆಯೇ ಆತ ಬೇರೆ ಬೇರೆ ಎಂದು ಗುರುತಿಸಿದ. ಗೋಧಿ ಹೊಲದ ಪುಟ್ಟ ಇಲಿಗಳನ್ನು ತೂಗಿ, ಎರಡು ಸೇರಿದರೆ ಒಂದು ತಾಮ್ರದ ಅರ್ಧ ಪೆನ್ನಿಯ ತೂಕವೆಂದು ಬರೆದ. ಬಡವರ ಮನೆಯ ದೀಪದ ಲೆಕ್ಕವಂತೂ ಗುಮಾಸ್ತರ ಮನ ಮೆಚ್ಚುವಂಥದು: ಜೊಂಡಿನ ತಿರುಳನ್ನು ಕೊಬ್ಬಿನಲ್ಲಿ ಅದ್ದಿದ ಬತ್ತಿಗಳಿಂದ ಮೂರು ಶಿಲ್ಲಿಂಗಿಗೆ 800 ಗಂಟೆ ಬೆಳಕು! ಇದಕ್ಕಾಗಿ ಒಂದು ಬತ್ತಿಯನ್ನು ಹೊತ್ತಿಸಿ, ಗಡಿಯಾರ ಹಿಡಿದು, 57 ನಿಮಿಷ ಉರಿಯಿತೆಂದು ಗುರುತು ಹಾಕಿದ್ದಾನೆ.

1777ರ ಪತ್ರದಲ್ಲಿ ಎರೆಹುಳುವಿನ ವಿಚಾರ ಬರುತ್ತದೆ. ಆಗ ತೋಟಗಾರರು ಅದನ್ನು ಪೀಡೆಯೆಂದು ಬೈಯುತ್ತಿದ್ದರು. ಮಣ್ಣನ್ನು ತೂತು ಮಾಡಿ, ಸಡಿಲಿಸಿ, ಮಳೆನೀರು ಬೇರಿಗೆ ಇಳಿಯುವಂತೆ ಮಾಡುವುದು ಈ ಹುಳುವೇ. ಇದಿಲ್ಲದಿದ್ದರೆ ಪ್ರಕೃತಿಯ ಸರಪಳಿಯಲ್ಲಿ ದೊಡ್ಡ ಬಿರುಕು ಬೀಳುತ್ತದೆಂದು ವೈಟ್ ವಾದಿಸಿದ. ಚಾರ್ಲ್ಸ್ ಡಾರ್ವಿನ್ ಎರೆಹುಳುವಿನ ಮೇಲೆ ಪುಸ್ತಕ ಬರೆದದ್ದು 1881ರಲ್ಲಿ, ಅಂದರೆ 104 ವರ್ಷಗಳ ಅನಂತರ. ಡಾರ್ವಿನ್ನನು ಬಾಲ್ಯದಲ್ಲೇ ವೈಟನನ್ನು ಓದಿ ಹಕ್ಕಿ ನೋಡುವ ಗೀಳು ಹತ್ತಿಸಿಕೊಂಡವನು.

ಆತ ಬಿಡಿಸಲಾಗದ ಒಗಟೂ ಒಂದಿತ್ತು. ಕವಲುಬಾಲದ ಸ್ವಾಲೋ ಹಕ್ಕಿಗಳು ಚಳಿಗಾಲದಲ್ಲಿ ಎಲ್ಲಿ ಹೋಗುತ್ತವೆ? ಕೆಲವಾದರೂ ಇಲ್ಲೇ ಅಡಗಿ ನಿದ್ರಿಸಬಹುದೆಂಬ ಗುಮಾನಿ ಆತನಿಗೆ ಕೊನೆಯವರೆಗೂ ಇತ್ತು. ಪೊದೆಗಳಲ್ಲಿ, ಹುಲ್ಲುಮಾಡುಗಳಲ್ಲಿ ಹುಡುಕಿಸಿದ, ಒಂದೂ ಸಿಗಲಿಲ್ಲ. ಸಿಗಲಿಲ್ಲವೆಂಬುದನ್ನೂ ಬರೆದಿಟ್ಟ. ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿದ ಸ್ವಾಲೋ ದಕ್ಷಿಣ ಆಫ್ರಿಕದಲ್ಲಿ ಸಿಕ್ಕಿ ಒಗಟು ಒಡೆದದ್ದು 1912ರಲ್ಲಿ. ಇದೇ ಜಾತಿಯ ಹಕ್ಕಿಗಳು ಉತ್ತರದ ನಾಡುಗಳಿಂದ ನಮ್ಮ ಕರ್ನಾಟಕಕ್ಕೂ ಚಳಿಗಾಲದಲ್ಲಿ ಬಂದು ತಂತಿಗಳ ಮೇಲೆ ಸಾಲಾಗಿ ಕೂರುತ್ತವೆ. ಅವೂ ನಮ್ಮ ಹಾಗೆಯೇ ಎರಡು ಊರಿನವು.

1783ರ ಬೇಸಿಗೆಯಲ್ಲಿ, ಜೂನ್ 23ರಿಂದ ಜುಲೈ 20ರವರೆಗೆ, ವಿಚಿತ್ರ ಮಬ್ಬು ಕವಿದು ನಡುಹಗಲಿನ ಸೂರ್ಯ ಮೋಡ ಮುಸುಕಿದ ಚಂದ್ರನಂತೆ ಕಾಣುತ್ತಿದ್ದನೆಂದು ಆತ ಬರೆದಿದ್ದಾನೆ. ಐಸ್ಲೆಂಡಿನ ಲಾಕಿ ಜ್ವಾಲಾಮುಖಿ ಆ ಜೂನಿನಲ್ಲಿ ಸಿಡಿದು ಯೂರೋಪಿನ ಮೇಲೆ ಹರಡಿದ ಹೊಗೆ ಅದು. ತೋಟದ ಡೈರಿ ಹೀಗೆ ಜಗತ್ತಿನ ಇತಿಹಾಸಕ್ಕೂ ಸಾಕ್ಷಿಯಾಯಿತು.

ನಮ್ಮ ಪಾಲಿಗೆ

ನಮ್ಮ ಹಿರಿಯರಿಗೆ ಇದಾವುದೂ ತಿಳಿಯದ್ದಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದವರು ಅವರೇ. ಯಾವ ಮಳೆಗೆ ಯಾವ ಬಿತ್ತನೆ, ಇರುವೆ ಮೊಟ್ಟೆ ಹೊತ್ತು ಸಾಗಿದರೆ ಏನರ್ಥ, ಹಸು ಏಕೆ ಮೇವು ಬಿಟ್ಟಿದೆ, ಎಲ್ಲವೂ ಅವರಿಗೆ ಗೊತ್ತಿತ್ತು. ಆದರೆ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಅದು ನಾಲಿಗೆಯ ಮೇಲಿತ್ತು, ಕಾಗದದ ಮೇಲಿರಲಿಲ್ಲ. ಅಜ್ಜ ಹೋದರೆ ಅಜ್ಜನ ಪಂಚಾಂಗವೂ ಹೋಯಿತು. ಊರು ಬಿಟ್ಟು ಬಂದ ನಮ್ಮಂಥ ಮನೆಗಳಲ್ಲಿ ಇದು ಇನ್ನೂ ಬೇಗ ಹೋಗುತ್ತದೆ. ನಮ್ಮ ಮಕ್ಕಳಿಗೆ ಆರಿದ್ರಾ ಎಂಬುದು ಮಳೆಯ ಹೆಸರೆಂದು ಹೇಳುವವರು ಎಷ್ಟು ಮಂದಿ ಉಳಿದಿದ್ದಾರೆ?

ವೈಟನಿಗೆ ಇದ್ದದ್ದು ಒಂದು ಹಳ್ಳಿ; ನಮಗಿರುವುದು ಕ್ವಾರ್ಟರ್ಸಿನ ಒಂದು ಬಾಲ್ಕನಿ, ಒಂದು ತುಳಸಿ, ಒಂದು ಹಾಗಲಬಳ್ಳಿ, ಮಹಡಿ ಮೆಟ್ಟಿಲಿನ ಬೆಕ್ಕು. ನೋಡುವುದಕ್ಕೆ ಅಷ್ಟು ಸಾಲದೆ? ಎರಡು ಕೆಲಸ ನಮ್ಮ ಕೈಯಲ್ಲಿದೆ. ಈ ರಜೆಗೆ ಊರಿಗೆ ಹೋದಾಗ ಹಿರಿಯರ ಬಾಯಿಂದ ಮಳೆಯ ಮಾತು, ಬಿತ್ತನೆಯ ಮಾತು, ದನಕರುಗಳ ಹೆಸರು ಇವನ್ನು ಬರೆದುಕೊಂಡು ಬರೋಣ. ಇಲ್ಲಿ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಹಾಗಲ ಹೂ ಬಿಟ್ಟ ದಿನ, ಮೊದಲ ಕೋಗಿಲೆ ಕೂಗಿದ ದಿನ ಬರೆಯಲು ಹೇಳೋಣ. ಕನ್ನಡದಲ್ಲಿ ಬರೆದರೆ ಲಾಭ ಇಮ್ಮಡಿ.

ಸೆಲ್ಬೋರ್ನಿನಲ್ಲಿ ವೈಟನ ಮನೆ ಈಗ ವಸ್ತುಸಂಗ್ರಹಾಲಯ. ಚರ್ಚಿನ ಅಂಗಳದಲ್ಲಿರುವ ಆತನ ಸಮಾಧಿಯ ಪುಟ್ಟ ಕಲ್ಲಿನ ಮೇಲೆ ಪದವಿಯಿಲ್ಲ, ಹೊಗಳಿಕೆಯಿಲ್ಲ. ಹೆಸರಿನ ಎರಡು ಅಕ್ಷರ, ಒಂದು ದಿನಾಂಕ. ಜೀವಮಾನವಿಡೀ ಆತ ಗಿಡಗಳಿಗೂ ಹಕ್ಕಿಗಳಿಗೂ ಬರೆದಿಟ್ಟದ್ದು ಹೆಚ್ಚು ಕಡಿಮೆ ಅಷ್ಟನ್ನೇ: ಒಂದು ಹೆಸರು, ಒಂದು ದಿನಾಂಕ.