ಫಾಲ್ ಸೈನಿಕ ಹುಳುವಿನ ಪ್ರಸಾರ: ದಾಖಲೆಯ ಸಾಕ್ಷ್ಯ ಮತ್ತು ವಂಶವಾಹಿಯ ಸಾಕ್ಷ್ಯ

ಒಂದು ಊರಿನ ಹೆಸರು ಮೊದಲು ಕಾಣಿಸುವ ಶಾಸನದ ಕಾಲವೇ ಆ ಊರು ಹುಟ್ಟಿದ ಕಾಲವೆಂದು ಇತಿಹಾಸಕಾರರು ಭಾವಿಸುವುದಿಲ್ಲ. ಬೆಳೆಯ ಪೀಡೆಗಳ ಇತಿಹಾಸವನ್ನು ಬರೆಯುವಾಗಲೂ ಈ ಎಚ್ಚರಿಕೆ ಅವಶ್ಯಕವೆಂಬುದನ್ನು ಫಾಲ್ ಸೈನಿಕ ಹುಳುವಿನ ವೃತ್ತಾಂತದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕೀಟದ ಮೂಲಸ್ಥಾನ ಅಮೆರಿಕ ಖಂಡಗಳ ಉಷ್ಣಪ್ರದೇಶ. 1797ರಲ್ಲಿ ಜೆ. ಇ. ಸ್ಮಿತ್ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. 2016ರ ಆರಂಭದಲ್ಲಿ ಪಶ್ಚಿಮ ಆಫ್ರಿಕದ ಮುಸುಕಿನ ಜೋಳದ ಹೊಲಗಳಲ್ಲಿ ಇದರ ಹಾವಳಿ ಕಂಡುಬಂದಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿಯೇ ಮೊದಲನೆಯದಾಗಿ ಶಿವಮೊಗ್ಗದಲ್ಲಿ ಗುರುತಿಸಲ್ಪಟ್ಟಿತು. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂತಹ ಗೆರೆ, ಹಿಂಭಾಗದಲ್ಲಿ ಚೌಕಾಕಾರವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆ ಇವು ಇದರ ಲಕ್ಷಣಗಳು. ಸುಳಿಯೊಳಗೆ ಅಡಗಿ ಎಳೆಯ ಎಲೆಗಳನ್ನು ತಿಂದು ಲದ್ದಿಯನ್ನು ತುಂಬುವುದು ಇದರ ಸ್ವಭಾವ. 2019ರಲ್ಲಿ ಚೀನದ ಯುನ್ನಾನ್ ಪ್ರಾಂತದಲ್ಲಿಯೂ 2020ರಲ್ಲಿ ಆಸ್ಟ್ರೇಲಿಯದಲ್ಲಿಯೂ ಇದು ಕಾಣಿಸಿತು. ಈ ವರ್ಷಗಳನ್ನು ಸಾಲಾಗಿ ಜೋಡಿಸಿದರೆ ಪಶ್ಚಿಮದಿಂದ ಪೂರ್ವಕ್ಕೆ ನಡೆದ ಒಂದೇ ದಂಡಯಾತ್ರೆಯ ಚಿತ್ರ ದೊರೆಯುತ್ತದೆ.

ವಂಶವಾಹಿಯ ಸಾಕ್ಷ್ಯ ಇಷ್ಟು ಸರಳವಲ್ಲ. ಈ ಕೀಟದಲ್ಲಿ ಮುಸುಕಿನ ಜೋಳದ ಬಗೆ, ಭತ್ತದ ಬಗೆ ಎಂದು ಎರಡುಂಟು. ನೋಟದಲ್ಲಿ ಇವನ್ನು ಬೇರ್ಪಡಿಸಲಾಗದು. ಆಫ್ರಿಕ ಮತ್ತು ಭಾರತದ ಅನೇಕ ಹುಳುಗಳಲ್ಲಿ ತಾಯಿಯಿಂದ ಬರುವ ಮೈಟೊಕಾಂಡ್ರಿಯ ಭತ್ತದ ಬಗೆಯದು, ಲಿಂಗವರ್ಣತಂತುವಿನ ಗುರುತು ಮುಸುಕಿನ ಜೋಳದ ಬಗೆಯದು. ಆದುದರಿಂದ ಇವುಗಳ ಪೂರ್ವಜರಲ್ಲಿ ಮಿಶ್ರಣ ನಡೆದಿರಬೇಕು. ನಾಗೋಶಿ ಮತ್ತು ಸಂಗಡಿಗರ ಸಂಶೋಧನೆಗಳು ಎರಡೂ ಪ್ರದೇಶಗಳ ಹುಳುಗಳ ಸಾಮ್ಯವನ್ನೂ, ಫ್ಲಾರಿಡ ಮತ್ತು ಕೆರಿಬಿಯನ್ ಪ್ರದೇಶದೊಡನೆ ಅವುಗಳ ಸಂಬಂಧವನ್ನೂ ತೋರಿಸಿದವು. ಆದರೆ 2022ರಲ್ಲಿ ಟೇ ಮತ್ತು ಸಂಗಡಿಗರು ಪ್ರಕಟಿಸಿದ ಸಮಗ್ರ ವಂಶವಾಹಿ ಅಧ್ಯಯನವು ಹಳೆಯ ಜಗತ್ತಿಗೆ ಈ ಕೀಟ ಹಲವು ಬಾರಿ ಪ್ರವೇಶಿಸಿರಬೇಕೆಂದು ಸೂಚಿಸುತ್ತದೆ. ಹಾಗಿದ್ದಲ್ಲಿ 2016 ಮತ್ತು 2018 ಮನುಷ್ಯನು ಕಂಡ ವರ್ಷಗಳೇ ಹೊರತು ಹುಳು ಬಂದ ವರ್ಷಗಳೆಂದು ಹೇಳಲಾಗದು.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಕೀಟದೊಡನೆ ಅದರ ನಿರೋಧಶಕ್ತಿಯೂ ಪ್ರಯಾಣ ಮಾಡುತ್ತದೆ. ಪೋರ್ಟೊರಿಕೊದಲ್ಲಿ 2006ರ ವೇಳೆಗೇ ಈ ಹುಳು ಕ್ರೈ1ಎಫ್ ಪ್ರೋಟೀನುಳ್ಳ ಮುಸುಕಿನ ಜೋಳವನ್ನು ಮೀರಿ ಬದುಕತೊಡಗಿತ್ತು. ಪ್ರವೇಶ ಒಂದೇ ಬಾರಿ ನಡೆದುದಾದರೆ ನಮಗೆ ಎದುರಾಗಿರುವುದು ಒಂದು ಸಂತತಿ. ಹಲವು ಬಾರಿ ನಡೆದುದಾದರೆ ಪ್ರತಿಯೊಂದು ಬಂದರೂ ಹೊಸ ನಿರೋಧಕ್ಕೆ ಹೆಬ್ಬಾಗಿಲಾಗಬಹುದು. ಆದುದರಿಂದ ಹಳೆಯ ಕೀಟಸಂಗ್ರಹಗಳನ್ನು, ಇತರ ಲದ್ದಿಹುಳುಗಳ ಹೆಸರಿನಲ್ಲಿ ಇರಿಸಿದ ಮಾದರಿಗಳನ್ನೂ ಸೇರಿಸಿ, ಮತ್ತೊಮ್ಮೆ ಪರೀಕ್ಷಿಸುವುದು ಈ ಇತಿಹಾಸದ ಸಂಶೋಧಕರ ಮುಂದಿನ ಕರ್ತವ್ಯವಾಗಿದೆ.