ಪಟಾನ್‌ಚೆರುವಿನ ಬೀಜ ಬ್ಯಾಂಕು ಮತ್ತು ಗಣಕಯಂತ್ರದ ಪ್ರವೇಶ ನಿಯಂತ್ರಣ

ಹೈದರಾಬಾದಿನಿಂದ ಝಹೀರಾಬಾದ್ ಮಾರ್ಗವಾಗಿ ಬೀದರ, ಹುಮನಾಬಾದಿನ ಕಡೆಗೆ ಪ್ರಯಾಣಿಸುವ ನಾವೆಲ್ಲರೂ ಪಟಾನ್‌ಚೆರುವನ್ನು ಹಾದುಹೋಗುತ್ತೇವೆ. 1972ರಲ್ಲಿ ಅಲ್ಲಿ ಸ್ಥಾಪಿತವಾದ ಇಕ್ರಿಸಾಟ್ ಸಂಸ್ಥೆಯ ಬೀಜ ಬ್ಯಾಂಕಿನಲ್ಲಿ ಜೋಳ, ಸಜ್ಜೆ, ರಾಗಿ, ತೊಗರಿ, ಕಡಲೆ, ಶೇಂಗಾ ಮೊದಲಾದ ಬೆಳೆಗಳ ಒಂದು ಲಕ್ಷಕ್ಕೂ ಮಿಕ್ಕ ತಳಿಮಾದರಿಗಳಿವೆ. ಸಂಶೋಧನೆ, ತಳಿ ಅಭಿವೃದ್ಧಿ, ತರಬೇತಿಗಳಿಗಾಗಿ ಕೇಳಿದವರಿಗೆ ಲಿಖಿತ ಕರಾರಿನ ಮೇಲೆ ಬೀಜ ದೊರೆಯುತ್ತದೆ. ಆದರೆ ಮೈನಸ್ 20 ಡಿಗ್ರಿ ಶೈತ್ಯದಲ್ಲಿರುವ ಮೂಲ ಸಂಗ್ರಹವು ಸಂರಕ್ಷಣೆಗೇ ಮೀಸಲು. ವಿತರಣೆಗೆ ಬೇರೆ ಸಂಗ್ರಹವಿದೆ. ಯಾರು, ಯಾವುದನ್ನು, ಏತಕ್ಕಾಗಿ ಪಡೆಯಬಹುದು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವುದೇ ಪ್ರವೇಶ ನಿಯಂತ್ರಣ ನೀತಿ.

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯೂ ಇವೇ ಪ್ರಶ್ನೆಗಳನ್ನು ಕೇಳುತ್ತದೆ. ಬಳಕೆದಾರರನ್ನು ಸಾಲುಗಳಲ್ಲಿ, ಕಡತಗಳನ್ನು ಕಂಬಸಾಲುಗಳಲ್ಲಿ ಬರೆದು, ಪ್ರತಿ ಮನೆಯಲ್ಲಿ ಅನುಮತಿಯನ್ನು ನಮೂದಿಸುವ ಕೋಷ್ಟಕವನ್ನು ಬಟ್ಲರ್ ಲ್ಯಾಂಪ್ಸನ್ 1971ರಲ್ಲಿ ವಿವರಿಸಿದರು.

ನೀತಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

1. ಒಡೆಯನ ಇಚ್ಛೆಯ ನೀತಿ: ಯೂನಿಕ್ಸ್‌ನಲ್ಲಿ ಕಡತಕ್ಕೆ 640 ಎಂಬ ಅನುಮತಿಯಿತ್ತರೆ ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಉಳಿದವರಿಗೆ ಪ್ರವೇಶವಿಲ್ಲ. ದೋಷವೆಂದರೆ, ಒಡೆಯನು ಅರಿಯದೆ ನಡೆಸಿದ ದುಷ್ಟ ತಂತ್ರಾಂಶಕ್ಕೂ ಅವನ ಅಧಿಕಾರವೆಲ್ಲ ದೊರೆಯುತ್ತದೆ.

2. ಕಡ್ಡಾಯ ನೀತಿ: ಇಲ್ಲಿ ನಿಯಮವು ಒಡೆಯನಿಗೂ ಮೇಲು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದಲ್ಲಿ ಬಿಡುಗಡೆ ಮಾಡಿದ ಎಸ್‌ಇಲಿನಕ್ಸ್ ಇದಕ್ಕೆ ಉದಾಹರಣೆ. ಆಂಡ್ರಾಯ್ಡ್ ಫೋನುಗಳಲ್ಲಿ 2014ರ 5.0 ಆವೃತ್ತಿಯಿಂದ ಇದು ಪೂರ್ಣವಾಗಿ ಜಾರಿಯಲ್ಲಿದೆ.

3. ಹುದ್ದೆಯಾಧಾರಿತ ನೀತಿ: ಅನುಮತಿಯು ವ್ಯಕ್ತಿಗಲ್ಲ, ಹುದ್ದೆಗೆ ಸೇರುತ್ತದೆ. ಫೆರಾಯೊಲೊ ಮತ್ತು ಕುನ್ 1992ರಲ್ಲಿ ಇದನ್ನು ನಿರೂಪಿಸಿದರು.

ನೀತಿಯನ್ನು ರಚಿಸುವವರು ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲಿ ಹೇಳಿದ ಎರಡು ಸೂತ್ರಗಳನ್ನು ಮರೆಯಬಾರದು: ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಸ್ಪಷ್ಟವಾಗಿ ಅನುಮತಿಸದಿದ್ದುದೆಲ್ಲ ನಿಷಿದ್ಧ.

ಇದು ತಜ್ಞರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನಮ್ಮಂಥ ಸಂಘಗಳ ಗಣಕಯಂತ್ರದಲ್ಲಿ ನೂರಾರು ಕುಟುಂಬಗಳ ವಿಳಾಸ, ದೂರವಾಣಿ ಸಂಖ್ಯೆ, ವಂತಿಗೆಯ ಲೆಕ್ಕಗಳಿರುತ್ತವೆ. ಎಲ್ಲರೂ ಒಂದೇ ಗುಪ್ತಪದವನ್ನು ಬಳಸಿದರೆ, ಸದಸ್ಯರ ಪಟ್ಟಿ ಹೊರಗೆ ಹೋದಾಗ ಯಾರ ಕೈಯಿಂದ ಹೋಯಿತೆಂಬುದೂ ತಿಳಿಯದು. ಖಜಾಂಚಿಗೆ ಲೆಕ್ಕದ ಕಡತ, ಕಾರ್ಯದರ್ಶಿಗೆ ಸದಸ್ಯರ ಪಟ್ಟಿ, ಸಂಪಾದಕರಿಗೆ ಲೇಖನಗಳು ಸಾಕು. ಅವಧಿ ಮುಗಿದ ದಿನವೇ ಹಿಂದಿನ ಪದಾಧಿಕಾರಿಯ ಅನುಮತಿಯನ್ನು ರದ್ದುಪಡಿಸಬೇಕು. ಇದು ಅವರ ಮೇಲಿನ ಅವಿಶ್ವಾಸವಲ್ಲ. ಮುಂದೆ ತಪ್ಪೇನಾದರೂ ಘಟಿಸಿದರೆ ಅವರ ಮೇಲೆ ಅಪವಾದ ಬಾರದಂತೆ ಕಾಯುವ ಕ್ರಮ.

ಮನೆಯಲ್ಲಿಯೂ ನಿತ್ಯದ ಬಳಕೆಗೆ ಆಡಳಿತಗಾರ ಖಾತೆ ಬೇಡ. ಮಕ್ಕಳಿಗೂ ಹಿರಿಯರಿಗೂ ಪ್ರತ್ಯೇಕವಾದ ಸಾಮಾನ್ಯ ಖಾತೆಗಳನ್ನು ತೆರೆದುಕೊಡಿ. ಒಬ್ಬರ ಕೈತಪ್ಪಿನಿಂದ ಇಡೀ ಮನೆಯ ಕಡತಗಳು ಅಳಿಯುವ ಅಪಾಯ ಅಷ್ಟರಮಟ್ಟಿಗೆ ತಗ್ಗುತ್ತದೆ.