ಬೈಲಹೊಂಗಲ ಬರೆಯಲು ಬಾರದ ಕೀಲಿಮಣೆ

ನಿಮಗೊಂದು ಸಣ್ಣ ಲೆಕ್ಕ. ಕನ್ನಡದಲ್ಲಿ ಸ್ವರ 13, ಯೋಗವಾಹ 2, ವ್ಯಂಜನ 34. ಒಟ್ಟು 49. ಇಂಗ್ಲಿಷ್ ಕೀಲಿಮಣೆಯಲ್ಲಿ ಅಕ್ಷರದ ಗುಂಡಿ 26. ಶಿಫ್ಟ್ ಒತ್ತಿದರೆ ಇನ್ನೊಂದು 26, ಅಲ್ಲಿಗೆ 52 ಜಾಗ. 49 ಅಕ್ಷರ ಕೂತ ಮೇಲೆ ಉಳಿಯೋದು ಮೂರೇ ಮೂರು ಜಾಗ. ಈ ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ಬರಹವೆಲ್ಲ ಅದರ ಮೇಲೆಯೇ ನಿಂತಿದೆ.

ಈಗ ವಿಷಯಕ್ಕೆ ಬರ್ತೀನಿ. ಹಳೆಯ ಸ್ಮಾರ್ಟ್‌ಫೋನುಗಳಲ್ಲಿ ನಿಜವಾದ ಗುಂಡಿಗಳಿದ್ದವು, ಒತ್ತಿದರೆ ಟಕ್ ಅನ್ನುವಂಥವು. 2008ರ ನೋಕಿಯಾ ಇ71, ಅದೇ ವರ್ಷದ ಎಚ್‌ಟಿಸಿ ಡ್ರೀಮ್ (ಮೊದಲ ಆಂಡ್ರಾಯ್ಡ್ ಫೋನು ಅದೇ), 2009ರ ಮೋಟೊರೋಲಾ ಡ್ರಾಯ್ಡ್ ಮತ್ತು ನೋಕಿಯಾ ಎನ್900, ಜೊತೆಗೆ ಬ್ಲ್ಯಾಕ್‌ಬೆರಿಯ ದೊಡ್ಡ ಸಂಸಾರ. ಇವುಗಳ ಗುಂಡಿಯ ಕೆಲಸ ಬದಲಾಯಿಸೋದು ಒಂದು ಕಾಲಕ್ಕೆ ನಮ್ಮಂಥವರ ದೊಡ್ಡ ಹುಚ್ಚಾಗಿತ್ತು. ಕ್ಯಾಮೆರಾ ಗುಂಡಿ ಒತ್ತಿದರೆ ಟಾರ್ಚ್ ಹತ್ತಬೇಕು, ಹುಡುಕುವ ಗುಂಡಿ ಒತ್ತಿದರೆ ಕಂಟ್ರೋಲ್ ಕೀಲಿ ಆಗಬೇಕು, ಹೀಗೆ. ಆದರೆ ಗುಂಡಿ ಬದಲಾಯಿಸಿ ಕನ್ನಡ ಬರೆಯೋದು ಹೇಗೆ ಅನ್ನೋ ಪ್ರಶ್ನೆ ಹಿಡಿದು ಹೊರಟರೆ ದಾರಿ 1980ರ ದಶಕಕ್ಕೆ ಹೋಗಿ ಮುಟ್ಟುತ್ತೆ.

ನನಗೆ ಈ ಪ್ರಶ್ನೆ ಬಂದದ್ದು ನಮ್ಮ ಕಾಕಾನಿಂದ. ಅವರು ಬೈಲಹೊಂಗಲದಲ್ಲಿ ಇಪ್ಪತ್ತು ವರ್ಷ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಅರ್ಜಿ, ವಾಟ್ನಿಪತ್ರ, ಖರೀದಿಪತ್ರ ಟೈಪ್ ಮಾಡಿಕೊಟ್ಟವರು. ಸವದತ್ತಿ, ಕಿತ್ತೂರು, ರಾಮದುರ್ಗ ಕಡೆಯಿಂದಲೂ ಜನ ಬರೋರು. ಕೀಲಿಮಣೆ ನೋಡದೆ ನುಡಿಯಲ್ಲಿ ಹೊಡೀತಾರೆ. ಈಗ ಕಣ್ಣಿನ ದೃಷ್ಟಿ ಮಂದವಾಗಿದೆ. ಟಚ್ ಫೋನ್ ಕೈಗೆ ಕೊಟ್ಟರೆ, "ತಮ್ಮಾ, ಈ ಕಾಜಿನ ಮ್ಯಾಲ ಬಟ್ಟ ಎಲ್ಲಿ ಇಡಬೇಕಂತ ತಿಳೀವಲ್ದೋ. ಗುಂಡಿ ಕೈಗೆ ಹತ್ತಿದ್ರ ನಾ ಈಗೂ ಬರಿತೇನಿ" ಅಂತಾರೆ. ಊರಿನ ಹಳೇ ಸಂಗತಿಗಳು, ಯಾವ ಹೊಲ ಯಾರಿಗೆ ಹೇಗೆ ಬಂತು, ಯಾವ ಬಾವಿ ಯಾರು ತೋಡಿಸಿದ್ದು... ಎಲ್ಲ ಅವರ ತಲೆಯಲ್ಲಿದೆ. ಬರೆದಿಟ್ಟರೆ ಉಳೀತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಗುಂಡಿ ಇರುವ ಹಳೇ ಫೋನಿನಲ್ಲಿ ಅವರ ಬೆರಳಿಗೆ ಗೊತ್ತಿರುವ ಕನ್ನಡ ತರಬಹುದಾ ಅಂತ ನೋಡೋಕೆ ಕೂತೆ.

ಮೊದಲು ಗುಂಡಿಯ ಒಳಗೆ ಏನಾಗುತ್ತೆ ಅಂತ ನೋಡೋಣ. ನೀವು ಗುಂಡಿ ಒತ್ತಿದಾಗ ಫೋನಿಗೆ ಅಕ್ಷರ ಗೊತ್ತಾಗೋದಿಲ್ಲ, ಒಂದು ಸಂಖ್ಯೆ ಗೊತ್ತಾಗುತ್ತೆ. ಲಿನಕ್ಸ್‌ನಲ್ಲಿ ಎ ಗುಂಡಿಗೆ 30, ಕ್ಯೂ ಗುಂಡಿಗೆ 16, ಕ್ಯಾಮೆರಾಗೆ 212. ಆಂಡ್ರಾಯ್ಡ್‌ನಲ್ಲಿ ಎರಡು ಬಗೆಯ ಫೈಲುಗಳಿವೆ. ಕೆಎಲ್ ಫೈಲು "30 ಬಂದರೆ ಅದು ಎ ಗುಂಡಿ" ಅನ್ನುತ್ತೆ. ಕೆಸಿಎಂ ಫೈಲು "ಎ ಗುಂಡಿ ಸುಮ್ಮನೆ ಒತ್ತಿದರೆ ಈ ಅಕ್ಷರ, ಶಿಫ್ಟ್ ಜೊತೆ ಈ ಅಕ್ಷರ, ಆಲ್ಟ್ ಜೊತೆ ಈ ಅಕ್ಷರ" ಅನ್ನುತ್ತೆ. ಎರಡೂ ಸಾದಾ ಪಠ್ಯದ ಫೈಲುಗಳೇ, ಯಾರು ಬೇಕಾದರೂ ಓದಬಹುದು. ಆದರೆ ತಿದ್ದೋಕೆ ಫೋನನ್ನು ರೂಟ್ ಮಾಡಬೇಕು, ತಿದ್ದಿ ರೀಬೂಟ್ ಮಾಡಬೇಕು. ಎನ್900ರಲ್ಲಿ ಇದು ಇನ್ನೂ ಸಲೀಸು. ಅದರೊಳಗೆ ಇದ್ದದ್ದೇ ಲಿನಕ್ಸ್, ಡೆಸ್ಕ್‌ಟಾಪಿನಲ್ಲಿರುವ ಎಕ್ಸ್‌ಕೆಬಿ ಫೈಲುಗಳೇ ಅಲ್ಲೂ ಇದ್ದವು.

ಅಂದರೆ ಗುಂಡಿಗೂ ಅಕ್ಷರಕ್ಕೂ ಇರೋದು ಹುಟ್ಟಿನ ಸಂಬಂಧ ಅಲ್ಲ, ಯಾರೋ ಮಾಡಿದ ಒಪ್ಪಂದ. ಹಾಗಾದರೆ ಕನ್ನಡಕ್ಕೆ ಆ ಒಪ್ಪಂದ ಮಾಡಿದವರು ಯಾರು?

ಮೊದಲು ಬಂದದ್ದು ಬೆರಳಚ್ಚು ಯಂತ್ರ. ಅದಕ್ಕೆ ಕನ್ನಡದ ಕೀಲಿಮಣೆ ರೂಪಿಸಿದವರು ಕೆ. ಅನಂತಸುಬ್ಬರಾವ್. ಆ ಯಂತ್ರಕ್ಕೆ ಬುದ್ಧಿ ಇಲ್ಲ, ಅಚ್ಚಿನ ಮೊಳೆ ಮಾತ್ರ. ಹಾಗಾಗಿ ಗುಂಡಿಗಳ ಮೇಲೆ ಇದ್ದದ್ದು ಅಕ್ಷರದ ತುಂಡುಗಳು, ತಲೆಕಟ್ಟು, ಗುಡಿಸು, ಕೊಂಬು, ಒತ್ತು. ಟೈಪ್ ಮಾಡುವವರೇ ಅಕ್ಷರವನ್ನು ಕಟ್ಟಬೇಕಿತ್ತು. ಇಷ್ಟು ದೊಡ್ಡ ನಮ್ಮ ಲಿಪಿಯನ್ನು ಅಷ್ಟು ಚಿಕ್ಕ ಯಂತ್ರದಲ್ಲಿ ಕೂರಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಅಲ್ಲಿ ಸಾಲು ತುಂಬ ಗುಂಡಿ ಬೇಕು, ಅಂಕಿಯ ಸಾಲನ್ನೂ ಬಿಡುವ ಹಾಗಿಲ್ಲ.

ಎರಡನೆಯದು ಇನ್‌ಸ್ಕ್ರಿಪ್ಟ್. 1980ರ ದಶಕದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಎಲ್ಲ ಭಾರತೀಯ ಲಿಪಿಗಳಿಗೆ ಒಂದೇ ವಿನ್ಯಾಸ ಇರಲಿ ಅಂತ ತಂದದ್ದು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಕನ್ನಡದ 'ಕ' ಇರುವ ಗುಂಡಿಯಲ್ಲೇ ಮರಾಠಿಯ 'ಕ'. ನಮ್ಮ ಬೆಳಗಾವಿ ಜಿಲ್ಲೆಯಂಥ ಕಡೆ, ಒಂದೇ ಅಂಗಡಿಯಲ್ಲಿ ಎರಡೂ ಭಾಷೆ ಟೈಪ್ ಮಾಡಬೇಕಾದಲ್ಲಿ, ಇದು ನಿಜಕ್ಕೂ ಒಳ್ಳೆಯ ವಿಚಾರ. ಯಂತ್ರಕ್ಕೂ ಸುಲಭ, ಒಂದು ಒತ್ತಿಗೆ ಒಂದು ಸಂಕೇತ. ಕೆಸಿಎಂ ಫೈಲಿನಲ್ಲಿ ನೇರ ಬರೆದುಬಿಡಬಹುದು.

ಆದರೆ ಇಲ್ಲೇ ಎಡವಟ್ಟು ಇರೋದು. ಇನ್‌ಸ್ಕ್ರಿಪ್ಟ್ ಅಕ್ಷರದ 26 ಗುಂಡಿಗಳಿಗೆ ನಿಲ್ಲೋದಿಲ್ಲ. 'ಚ' ಇರೋದು ಅರ್ಧವಿರಾಮದ ಗುಂಡಿಯಲ್ಲಿ. 'ಟ' ಉದ್ಧರಣ ಚಿಹ್ನೆಯ ಗುಂಡಿಯಲ್ಲಿ. 'ಡ' ಚೌಕ ಆವರಣದಲ್ಲಿ. 'ಯ' ಓರೆಗೆರೆಯಲ್ಲಿ. 'ಒ'ಕಾರದ ಚಿಹ್ನೆ ಎಡಗಡೆ ಮೇಲಿನ ಮೂಲೆಯ ಗುಂಡಿಯಲ್ಲಿ. ದೊಡ್ಡ ಕೀಲಿಮಣೆಯಲ್ಲಿ ತೊಂದರೆ ಇಲ್ಲ. ಆದರೆ ಇ71ರಂಥ ಮೂರು ಸಾಲಿನ ಫೋನಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಗುಂಡಿಗಳೇ ಇಲ್ಲ!

ನಮ್ಮ ಊರುಗಳನ್ನೇ ಇಟ್ಟು ನೋಡಿದೆ. ಕಿತ್ತೂರು ಬರೆಯಬಹುದು, ಸವದತ್ತಿ ಬರೆಯಬಹುದು, ರಾಮದುರ್ಗವೂ ಆಗುತ್ತೆ. ಎಲ್ಲ ಅಕ್ಷರದ ಗುಂಡಿಗಳಲ್ಲೇ ಇವೆ. ಬೈಲಹೊಂಗಲ ಮಾತ್ರ ಆಗೋದಿಲ್ಲ, 'ಹೊ' ಹತ್ರ ನಿಂತುಬಿಡುತ್ತೆ. ಮುಂದೆ ನೋಡಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಥ್ಯಾಕರೆಯನ್ನು ಕೆಡವಿದ ಪಡೆಯ ರಾಣಿ ಚೆನ್ನಮ್ಮ, 'ಚ' ಇಲ್ಲ. ಸಂಗೊಳ್ಳಿ ರಾಯಣ್ಣ, ಹೆಸರಿನಲ್ಲಿ 'ಯ' ಇಲ್ಲ, ಊರಿನಲ್ಲಿ 'ಗೊ' ಇಲ್ಲ. ಸವದತ್ತಿ ಬರೆದೆವು ಅಂತ ಖುಷಿಪಟ್ಟರೆ ಗುಡ್ಡದ ಯಲ್ಲಮ್ಮನನ್ನು ಬರೆಯೋಕೆ ಆಗೋದಿಲ್ಲ, 'ಯ'ವೂ ಇಲ್ಲ 'ಡ'ವೂ ಇಲ್ಲ. ಆಲ್ಟ್ ಪದರದಲ್ಲಿ ಎಲ್ಲಾದರೂ ತುರುಕಬಹುದು, ನಿಜ. ಆದರೆ ಒಬ್ಬೊಬ್ಬರು ಒಂದೊಂದು ಕಡೆ ತುರುಕಿದ ಮೇಲೆ ಅದು ಎಲ್ಲರಿಗೂ ಒಂದೇ ಅನ್ನುವ ವಿನ್ಯಾಸವಾಗಿ ಉಳಿಯೋದಿಲ್ಲ.

ಮೂರನೆಯದಕ್ಕೆ ಬರೋಣ. ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಅನ್ನುವವರು. ಮುದ್ರಣ ತಂತ್ರಜ್ಞಾನದಲ್ಲಿ ಕೆಲಸ ಮಾಡಿದವರು, ಭಾಷೆ ಲಿಪಿ ಎರಡನ್ನೂ ಓದಿಕೊಂಡವರು. ಅವರು ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಅವರ ವಿಚಾರ ಸರಳ. ಮನುಷ್ಯ ಧ್ವನಿಯನ್ನು ಒತ್ತಲಿ, ಆಕಾರ ಕಟ್ಟುವ ಕೆಲಸ ಯಂತ್ರ ಮಾಡಲಿ. ತಲೆಕಟ್ಟು, ಗುಡಿಸು ಗುಂಡಿಯಿಂದ ಇಳಿದುಹೋದವು. ಉಳಿದದ್ದು 49 ಅಕ್ಷರ.

ಕೆ ಒತ್ತಿದರೆ 'ಕ', ಶಿಫ್ಟ್ ಕೆ 'ಖ'. ಎನ್ ಒತ್ತಿದರೆ 'ನ', ಶಿಫ್ಟ್ ಎನ್ 'ಣ'. ಎಲ್ ಒತ್ತಿದರೆ 'ಲ', ಶಿಫ್ಟ್ ಎಲ್ 'ಳ'. ಇಂಗ್ಲಿಷಿನಲ್ಲಿ ಸಾಟಿಯಿಲ್ಲದ 'ಟ'ಗೆ ಖಾಲಿ ಇದ್ದ ಕ್ಯೂ, 'ಡ'ಗೆ ಡಬ್ಲ್ಯೂ, 'ಷ'ಗೆ ಎಕ್ಸ್. ಒತ್ತಕ್ಷರ ಮಾಡೋಕೆ ಎಫ್, ಕನ್ನಡಕ್ಕೆ ಹೆಚ್ಚು ಬೇಕಿಲ್ಲದ ಗುಂಡಿಗೆ ಅತಿ ಹೆಚ್ಚು ಕೆಲಸ! ಶಿಫ್ಟ್ ಎಫ್ ಅರ್ಕಾವತ್ತಿಗೆ. 49 ಮತ್ತು 2, ಒಟ್ಟು 51. 52 ಜಾಗದೊಳಗೆ ಇಡೀ ಕನ್ನಡ ಕೂತಿತು. ಅಂಕಿಯ ಸಾಲು ಮುಟ್ಟಿಲ್ಲ, ಆವರಣ ಚಿಹ್ನೆ ಮುಟ್ಟಿಲ್ಲ, ಮೂಲೆಯ ಗುಂಡಿ ಮುಟ್ಟಿಲ್ಲ.

ಅವರು ಇದನ್ನು ಹಕ್ಕು ಕಾಯ್ದಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಇದನ್ನೇ ಅಧಿಕೃತ ವಿನ್ಯಾಸ ಮಾಡಿತು, ಕನ್ನಡ ಗಣಕ ಪರಿಷತ್ತಿನ 'ನುಡಿ' ಇದನ್ನು ತಾಲ್ಲೂಕು ಕಚೇರಿಗಳ ತನಕ ಮುಟ್ಟಿಸಿತು. ನಮ್ಮ ಕಾಕಾನ ಬೆರಳಿಗೂ. ಕಗಪ ಕೀಲಿಮಣೆ ಅಂತ ನಾವು ಕರೆಯೋದು ಇದನ್ನೇ. (1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ' ಇಂಗ್ಲಿಷ್ ಉಚ್ಚಾರದ ದಾರಿ ಹಿಡಿದದ್ದು, ಅದರ ಕಥೆ ಇನ್ನೊಮ್ಮೆ.)

ನನಗೆ ಬೆರಗು ಹುಟ್ಟಿಸಿದ್ದು ಏನು ಗೊತ್ತಾ? ಈ ವಿನ್ಯಾಸ ಮಾಡಿದಾಗ ಇಂಥ ಗುಂಡಿಯ ಸ್ಮಾರ್ಟ್‌ಫೋನುಗಳು ಇನ್ನೂ ಬಂದಿರಲಿಲ್ಲ. ಆದರೂ ಮೂರು ಸಾಲಿನ ಫೋನ್ ಕೀಲಿಮಣೆ ಬಂದಾಗ ಕಗಪದ ಒಂದು ಅಕ್ಷರವೂ ಹೊರಗೆ ಉಳಿಯಲಿಲ್ಲ. ಫೋನಿನಲ್ಲಿ ಅಂಕಿ, ಚಿಹ್ನೆ ಎಲ್ಲ ಆಲ್ಟ್ ಒಳಗೆ ಅಡಗಿರುತ್ತವೆ, ಅವಕ್ಕೂ ತೊಂದರೆ ಇಲ್ಲ. ಬೈಲಹೊಂಗಲ ಬರೆಯೋಕೆ ಬಿ, ಶಿಫ್ಟ್ ವೈ, ಎಲ್, ಎಚ್, ಓ, ಶಿಫ್ಟ್ ಎಂ, ಜಿ, ಎಲ್. ಮುಗೀತು!

ಇದಕ್ಕೂ ಒಂದು ಬೆಲೆ ಇದೆ. ಐ ಗುಂಡಿ ಶಬ್ದದ ಮೊದಲಿಗೆ ಬಂದರೆ 'ಇ', 'ಕ' ಆದ ಮೇಲೆ ಬಂದರೆ 'ಕಿ'. ಅಂದರೆ ಹಿಂದೆ ಏನು ಒತ್ತಿದ್ದೆವು ಅಂತ ಯಂತ್ರ ನೆನಪಿಡಬೇಕು. ಕೆಸಿಎಂ ಫೈಲಿಗೆ ಆ ನೆನಪು ಇಲ್ಲ. ಇನ್‌ಸ್ಕ್ರಿಪ್ಟ್‌ಗೆ ಫೈಲು ಸಾಕು, ಗುಂಡಿ ಸಾಲದು. ಕಗಪಕ್ಕೆ ಗುಂಡಿ ಸಾಕು, ಫೈಲು ಸಾಲದು! ಹಾಗಾಗಿ ಬೇಕಾದದ್ದು ನಡುವೆ ಕೂತು ನೆನಪಿಡುವ ಸಣ್ಣ ತಂತ್ರಾಂಶ, ಇನ್‌ಪುಟ್ ಮೆಥಡ್. ಲಿನಕ್ಸ್ ಡೆಸ್ಕ್‌ಟಾಪಿಗೆ ಎಂ17ಎನ್‌ನಲ್ಲಿ ಕಗಪ ಸೇರಿದ್ದೂ ಹೀಗೆಯೇ.

ಬರೆದರೆ ಸಾಲದು, ಕಾಣಬೇಕಲ್ಲ? ಆಗಿನ ಫೋನುಗಳಲ್ಲಿ ಕನ್ನಡ ಅಂದರೆ ಚೌಕಟ್ಟಿನ ಸಾಲು. ಒಪೆರಾ ಮಿನಿಯ ಒಳಗಿನ ಸೆಟ್ಟಿಂಗಿಗೆ ಹೋಗಿ, ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸು ಅಂತ ಹೇಳಿ ಕನ್ನಡ ಓದಿದ ದಿನಗಳು ನಿಮಗೂ ನೆನಪಿರಬೇಕು. ಯೂನಿಕೋಡ್‌ನಲ್ಲಿ ಕನ್ನಡ ಬಂದದ್ದು 1991ರಲ್ಲಿ. ಆಂಡ್ರಾಯ್ಡ್ ಕನ್ನಡವನ್ನು ತಾನೇ ತೋರಿಸೋಕೆ ಶುರು ಮಾಡಿದ್ದು 2012ರ 4.1ರಲ್ಲಿ. ತಮಾಷೆ ನೋಡಿ, ರೂಟ್ ಮಾಡದೆ ಹೊರಗಿನ ಕೀಲಿಮಣೆಗೆ ವಿನ್ಯಾಸ ಹಾಕಿಕೊಳ್ಳುವ ಅವಕಾಶ ಕೊಟ್ಟದ್ದೂ ಅದೇ 4.1. ಆದರೆ ಅಷ್ಟರಲ್ಲಿ ಗುಂಡಿಯ ಫೋನುಗಳ ಕಾಲ ಮುಗಿಯುತ್ತಾ ಬಂದಿತ್ತು. ಗುಂಡಿ ಇದ್ದಾಗ ಕನ್ನಡ ಕಾಣಲಿಲ್ಲ, ಕನ್ನಡ ಕಾಣುವಾಗ ಗುಂಡಿ ಇರಲಿಲ್ಲ. ಆ ನಡುವಿನ ವರ್ಷಗಳಲ್ಲೇ ಒಂದು ಪೀಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋದನ್ನು ರೂಢಿ ಮಾಡಿಕೊಂಡಿತು. ಭಾರತದಲ್ಲಿ ಮಾರುವ ಫೋನುಗಳಲ್ಲಿ ಭಾರತೀಯ ಭಾಷೆ ಇರಲೇಬೇಕು ಅನ್ನುವ ಆದೇಶ ಬಂದದ್ದು 2016ರಲ್ಲಿ. ಅಷ್ಟು ಹೊತ್ತಿಗೆ ರೂಢಿ ಗಟ್ಟಿಯಾಗಿತ್ತು.

ಕಾಕಾನಿಗೆ ಕೊನೆಗೆ ಏನಾಯ್ತು ಅಂತೀರಾ? ಗುಂಡಿಯ ಕಾಲ ಮುಗಿದ ಮೇಲೂ ಬಂದ ಕೆಲವು ಆಂಡ್ರಾಯ್ಡ್ ಫೋನುಗಳಿದ್ದವಲ್ಲ, ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಅದರ ಬೂಟ್‌ಲೋಡರಿಗೆ ಬೀಗ, ರೂಟ್ ಆಗೋದಿಲ್ಲ, ಕೆಎಲ್ ಕೆಸಿಎಂ ಮುಟ್ಟೋ ಹಾಗಿಲ್ಲ. ಆದರೆ ಇನ್‌ಪುಟ್ ಮೆಥಡ್‌ಗೆ ಬೀಗ ಇಲ್ಲ. ಗುಂಡಿ ಒತ್ತಿದ ಸುದ್ದಿಯನ್ನು ಆಂಡ್ರಾಯ್ಡ್ ಮೊದಲು ಅದಕ್ಕೇ ಮುಟ್ಟಿಸುತ್ತೆ. 51 ಸಾಲಿನ ಒಂದು ಪಟ್ಟಿ, ಹಿಂದಿನ ಅಕ್ಷರ ನೆನಪಿಡುವ ಒಂದು ಚರರಾಶಿ, ವ್ಯಂಜನ ಆದ ಮೇಲೆ ಸ್ವರ ಬಂದರೆ ಚಿಹ್ನೆ ಮಾಡು ಅನ್ನುವ ನಿಯಮ. ಎರಡು ಭಾನುವಾರದ ಕೆಲಸ, ಅಷ್ಟೇ. ಹೆಬ್ಬೆರಳಿನಲ್ಲಿ ಒತ್ತೋದಕ್ಕೆ ಕಾಕಾ ಮೊದಲು ಗೊಣಗಿದರು. ಒಂದು ವಾರ ಆದ ಮೇಲೆ ಗೊಣಗೋದು ನಿಂತಿತು. ಈಗ ದಿನಾ ಒಂದೊಂದು ಪುಟ ಬರ್ತಾ ಇದೆ. ಮೊನ್ನೆ ಬಂದದ್ದು ಬೈಲಹೊಂಗಲದ ಅರಳೆ ಪೇಟೆಯ ಬಗ್ಗೆ, ತೂಕದ ಕಟ್ಟೆಯ ಮೇಲೆ ಕೂತವರ ಹೆಸರುಗಳ ಸಮೇತ.

ನುಡಿಯ ಹಳೇ ಫೈಲುಗಳ ಸಂಕೇತ ಬದಲಾಯ್ತು, ಯೂನಿಕೋಡ್ ಬಂತು. ಯಂತ್ರ ಬದಲಾಯ್ತು, ಮೇಜಿನಿಂದ ಅಂಗೈಗೆ ಇಳೀತು. ಬದಲಾಗದೆ ಉಳಿದದ್ದು ಬೆರಳಿನ ನೆನಪು ಒಂದೇ. ಅದನ್ನು ಉಳಿಸಿದ್ದು ಬೇಕಾದಷ್ಟೇ ಗುಂಡಿ ಬಳಸಿದ ಒಬ್ಬ ಮನುಷ್ಯನ ಮಿತವ್ಯಯ.

ನಿಮ್ಮ ಮನೆಯಲ್ಲೂ ಬೆರಳಿಗೆ ಕನ್ನಡ ಗೊತ್ತಿದ್ದು ಗಾಜಿನ ಮೇಲೆ ಬರೆಯಲಾಗದೆ ಕೂತ ಹಿರಿಯರು ಇದ್ದಾರಾ? ಕಪಾಟಿನಲ್ಲಿ ಗುಂಡಿಯ ಫೋನು ಇದ್ದರೆ ಎಸೆಯಬೇಡಿ, ಚಾರ್ಜಿಗೆ ಹಾಕಿ ನೋಡಿ. ಏನಂತೀರಾ?